ಓದುವಾಗ ಕಣ್ಣು ಜಾರುವ ಮಕ್ಕಳನ್ನು ದಂಡಿಸಬೇಡಿ, ಅವರ ಕಷ್ಟವನ್ನು ವ್ಯಾಪಾರಕ್ಕೂ ಬಿಡಬೇಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿಗಳು: ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರಿಗೆ, ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ನಿರ್ದೇಶಕರಿಗೆ, ಎಲ್ಲ ಶಾಲೆಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ ಮತ್ತು ಪೋಷಕರಿಗೆ.

ವಿಷಯ: ಗಮನ ನಿಲ್ಲದ ಮಕ್ಕಳ ಓದು, ಓದುವಾಗ ಅವರ ಕಣ್ಣಿನ ಓಡಾಟ ಮತ್ತು ಈ ಹೆಸರಿನಲ್ಲಿ ಶಾಲೆಗಳೊಳಗೆ ನಡೆಯುತ್ತಿರುವ ಖಾಸಗಿ ಶಿಬಿರಗಳು.

ಮಾನ್ಯರೇ,

ನಾನು ಹಾಸನ ಜಿಲ್ಲೆಯ ಅರಸೀಕೆರೆ ಕಡೆಯವನು. ಸರ್ಕಾರಿ ಆಸ್ಪತ್ರೆಗಳಲ್ಲಿ ನೇತ್ರಾಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಸೇವೆಯಲ್ಲಿದ್ದಷ್ಟು ಕಾಲ ಶಾಲಾ ಮಕ್ಕಳ ಕಣ್ಣಿನ ತಪಾಸಣೆ ನನ್ನ ಪಾಲಿಗೆ ಬಂದ ಕೆಲಸವಾಗಿತ್ತು. ಈಗಲೂ ಯಾವುದಾದರೂ ಶಾಲೆಯವರು ಕರೆದರೆ ಚಾರ್ಟು, ಟಾರ್ಚು ಹಿಡಿದು ಹೋಗುತ್ತೇನೆ. ಹೋದಲ್ಲೆಲ್ಲ ಶಿಕ್ಷಕರು ಎರಡು ಬಗೆಯ ಮಕ್ಕಳನ್ನು ಮುಂದೆ ತಂದು ನಿಲ್ಲಿಸುತ್ತಾರೆ. ಬೋರ್ಡು ಕಾಣದ ಮಕ್ಕಳ ವಿಚಾರ ಸುಲಭ. ಆರು ಮೀಟರ್ ದೂರದಲ್ಲಿ ಚಾರ್ಟು ತೂಗುಹಾಕಿ ಓದಿಸಿದರೆ ಗೊತ್ತಾಗುತ್ತದೆ, ಹೆಚ್ಚಿನವರಿಗೆ ಕನ್ನಡಕ ಕೊಟ್ಟರೆ ಸಾಕಾಗುತ್ತದೆ. ಇನ್ನು ಕೆಲವರನ್ನು, "ಸಾರ್, ಇವನ ಕಣ್ಣು ಸಾಲಿನ ಮೇಲೆ ನಿಲ್ಲೋದೇ ಇಲ್ಲ, ಒಂದ್ಸಲ ನೋಡಿ" ಎಂದು ಕರೆತರುತ್ತಾರೆ. ಈ ಪತ್ರ ಬರೆಯುತ್ತಿರುವುದು ಅವರಿಗಾಗಿ.

ಕಳೆದ ಶೈಕ್ಷಣಿಕ ವರ್ಷದಲ್ಲಿ ನಮ್ಮ ಸುತ್ತಿನ ಒಂದು ಶಾಲೆಯಲ್ಲಿ ಖಾಸಗಿ ಸಂಸ್ಥೆಯೊಂದು ಉಚಿತ ಓದು ತಪಾಸಣೆ ಎಂದು ಶಿಬಿರ ನಡೆಸಿತು. ಸಂಸ್ಥೆಯ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬೇರೆ ತಾಲ್ಲೂಕುಗಳ ಶಿಕ್ಷಕರಿಂದಲೂ ಇದೇ ಮಾತು ಕೇಳಿದ್ದೇನೆ, ಆದ್ದರಿಂದ ಒಬ್ಬರನ್ನು ಹಿಡಿದು ನಿಲ್ಲಿಸಿದರೆ ವಿಷಯ ಮುಗಿಯುವುದಿಲ್ಲ. ಮಕ್ಕಳನ್ನು ಒಬ್ಬೊಬ್ಬರಾಗಿ ಲ್ಯಾಪ್‌ಟಾಪ್ ಮುಂದೆ ಕೂರಿಸಿದರು. ಪರದೆಯ ಕೆಳಗೆ ಕಣ್ಣಿನ ಚಲನೆ ಹಿಡಿಯುವ ಸಣ್ಣ ಕ್ಯಾಮೆರಾ ಪಟ್ಟಿ. ಪರದೆಯ ಮೇಲೆ ಓದಲು ಕೊಟ್ಟ ಪ್ಯಾರಾ ಇಂಗ್ಲಿಷಿನದು. ಓದಬೇಕಾದವರು ಕನ್ನಡ ಮಾಧ್ಯಮದ ನಾಲ್ಕು, ಐದನೇ ತರಗತಿಯ ಮಕ್ಕಳು. ಒಂದು ವಾರದ ನಂತರ ಮನೆಗೆ ಬಣ್ಣದ ವರದಿ ಬಂತು. ಸಾಲುಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದ ಕೆಂಪು ಗೆರೆಗಳು, ಅದರ ಕೆಳಗೆ "ಕಣ್ಣಿನ ಸಂಚಾರದಲ್ಲಿ ದೋಷವಿದೆ, ಇದರಿಂದಲೇ ಏಕಾಗ್ರತೆ ಇಲ್ಲ" ಎಂಬ ಒಕ್ಕಣೆ. ಪರಿಹಾರಕ್ಕೆ ಕೆಲವು ತಿಂಗಳ ಕಣ್ಣಿನ ವ್ಯಾಯಾಮ ಮತ್ತು ಬಣ್ಣದ ಗಾಜಿನ ಕನ್ನಡಕ. ತಪಾಸಣೆ ಉಚಿತ, ಪರಿಹಾರಕ್ಕೆ ದುಡ್ಡು.

ಆ ವರದಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಬ್ಬ ತಾಯಿ ನಮ್ಮ ಮನೆಗೆ ಬಂದರು. ಗಂಡ ಮಂಡಿಯಲ್ಲಿ ಹಮಾಲಿ, ಅವರು ಕಾಯಿ ಸುಲಿಯುವ ಕೆಲಸಕ್ಕೆ ಹೋಗುವವರು. ಮೊದಲ ಕಂತನ್ನು ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಕಟ್ಟಿಯಾಗಿತ್ತು. "ಅಣ್ಣ, ಕಣ್ಣೇ ಸರಿಯಿಲ್ವಂತೆ, ಮುಂದಕ್ಕೆ ಏನಾದ್ರೂ ಆಗ್ಬಿಟ್ರೆ?" ಎಂದು ಕೇಳಿದರು. ಹುಡುಗ ಹೊಸ್ತಿಲಲ್ಲಿ ಕೂತು ಚಪ್ಪಲಿಯ ಅಂಟುಪಟ್ಟಿಯನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದ.

ನಾನು ನೋಡಿದ್ದನ್ನು ಬರೆಯುತ್ತೇನೆ. ಎರಡೂ ಕಣ್ಣುಗಳ ದೃಷ್ಟಿ 6/6. ಪೆನ್ಸಿಲಿನ ತುದಿಯನ್ನು ಮೆಲ್ಲಗೆ ಮೂಗಿನ ಕಡೆ ತಂದೆ. ಮೂಗಿಗೆ ಮೂರು ಬೆರಳಿನಷ್ಟು ಹತ್ತಿರ ಬರುವವರೆಗೂ ಎರಡು ಕಣ್ಣುಗಳೂ ಕೂಡಿಕೊಂಡೇ ಇದ್ದವು, ಒಂದೂ ಹೊರಕ್ಕೆ ಸರಿಯಲಿಲ್ಲ. ತಲೆನೋವಿಲ್ಲ, ಅಕ್ಷರ ಎರಡೆರಡಾಗಿ ಕಾಣುವುದಿಲ್ಲ. ಆಮೇಲೆ ಅವನದೇ ಕನ್ನಡ ಪುಸ್ತಕ ತೆಗೆಸಿ, ಪಕ್ಕದಲ್ಲಿ ಒಂದು ಸಣ್ಣ ಕನ್ನಡಿ ಇಟ್ಟು, ಅವನ ಹಿಂದೆ ಕೂತು ಓದಿಸಿದೆ. ಕನ್ನಡಿಯಲ್ಲಿ ಕಣ್ಣಿನ ಓಡಾಟ ಚೆನ್ನಾಗಿ ಕಾಣುತ್ತದೆ. ಮನೆ, ಮರ, ಬಾವಿ ಇಂಥ ಪದಗಳ ಮೇಲೆ ಕಣ್ಣು ಸಲೀಸಾಗಿ ಸಾಗಿತು. "ವಿದ್ಯಾರ್ಥಿಗಳೆಲ್ಲರೂ" ಎಂಬ ಪದ ಬಂದಾಗ 'ದ್ಯಾ' ಹತ್ತಿರ ನಿಂತಿತು, ಮತ್ತೆ 'ವಿ'ಗೆ ಬಂತು, 'ಥಿ' ಎಂದ ಮೇಲೆ ಅರ್ಕಾವತ್ತು ಕಂಡು ಪುನಃ ಹಿಂದಕ್ಕೆ ಬಂತು. ಅಷ್ಟರಲ್ಲಿ ಹೊರಗೆ ಟಿಲ್ಲರ್ ಹೋದ ಸದ್ದು. ಕಣ್ಣು ಬಾಗಿಲಿಗೆ ಹೋಯಿತು. ವಾಪಸು ಬಂದಾಗ ಎರಡು ಸಾಲು ಕೆಳಗೆ ಇಳಿದಿತ್ತು. ಅವನಿಗದು ಗೊತ್ತೇ ಆಗಲಿಲ್ಲ, ಓದುತ್ತಾ ಹೋದ. ಅದೇ ಪಾಠವನ್ನು ನಾನು ಓದಿ ಹೇಳಿದ ಮೇಲೆ ಕಥೆಯನ್ನೆಲ್ಲ ಹೆಸರು ಸಮೇತ ತಿರುಗಿ ಹೇಳಿದ, ನಾನು ಗಮನಿಸದ ಒಂದು ಸಂಗತಿಯನ್ನೂ ಸೇರಿಸಿದ.

ಸಚಿವರೇ, ಆ ವರದಿಯ ಕೆಂಪು ಗೆರೆಗಳು ಸುಳ್ಳಲ್ಲ. ಅವುಗಳ ಕೆಳಗೆ ಬರೆದ ಅರ್ಥ ತಪ್ಪು. ಇಷ್ಟನ್ನು ಇಲಾಖೆಗೆ ಮನವರಿಕೆ ಮಾಡಿಕೊಡಲು ಕಣ್ಣು ಹೇಗೆ ಓದುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ಜಿಗಿಯುತ್ತದೆ. ಇದು 1870ರ ದಶಕದ ಕೊನೆಯಲ್ಲೇ ಪ್ಯಾರಿಸ್ಸಿನ ನೇತ್ರವೈದ್ಯ ಎಮಿಲ್ ಜಾವಲ್ ಅವರ ಪ್ರಯೋಗಾಲಯದಲ್ಲಿ ಗಮನಕ್ಕೆ ಬಂದ ಸಂಗತಿ. ಚೆನ್ನಾಗಿ ಓದುವ ವಯಸ್ಕರ ಕಣ್ಣು ಒಂದು ಕಡೆ ಸುಮಾರು 200ರಿಂದ 250 ಮಿಲಿಸೆಕೆಂಡು ನಿಲ್ಲುತ್ತದೆ, ಆಮೇಲೆ ಕಣ್ಣುಮಿಟುಕಿಸುವುದಕ್ಕಿಂತ ಬೇಗ ಮುಂದಕ್ಕೆ ಹಾರುತ್ತದೆ. ಇಂಗ್ಲಿಷ್ ಓದುಗರಲ್ಲಿ ಒಂದು ಜಿಗಿತ ಏಳರಿಂದ ಒಂಬತ್ತು ಅಕ್ಷರಗಳಷ್ಟು. ಚೆನ್ನಾಗಿ ಓದಬಲ್ಲವರೂ ನೂರು ಜಿಗಿತಗಳಲ್ಲಿ ಹತ್ತು ಹದಿನೈದರಲ್ಲಿ ಹಿಂದಕ್ಕೇ ಹೋಗುತ್ತಾರೆ. ಹಿಂದೆ ತಿರುಗಿ ನೋಡುವುದು ಓದಿನ ಭಾಗವೇ. ಓದು ಕಲಿಯುತ್ತಿರುವ ಮಗುವಿನಲ್ಲಿ ನಿಲುಗಡೆ ದೀರ್ಘವಾಗಿರುತ್ತದೆ, ಜಿಗಿತ ಚಿಕ್ಕದಿರುತ್ತದೆ, ಹಿಂದಕ್ಕೆ ಹೋಗುವುದು ಹೆಚ್ಚಿರುತ್ತದೆ. ಪದ ಕಷ್ಟವಾದಷ್ಟೂ ಇವೆಲ್ಲ ಹೆಚ್ಚುತ್ತವೆ.

1981ರಲ್ಲಿ ಒಬ್ಬ ಸಂಶೋಧಕರು ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದೂ ಓದು ಕೈಹತ್ತದ ಕಲಿಕಾ ನ್ಯೂನತೆ, ಇರುವ ಮಕ್ಕಳ ಕಣ್ಣಿನ ಚಲನೆಯೇ ದೋಷಪೂರಿತ, ಓದು ಕೆಡುವುದು ಅದರಿಂದಲೇ ಎಂದು ಹೇಳಿದ್ದರು. ಬೇರೆ ಪ್ರಯೋಗಾಲಯಗಳು ಪರೀಕ್ಷಿಸಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಅಮೆರಿಕದ ಕೀತ್ ರೇನರ್ ಮತ್ತಿತರರು ತೋರಿಸಿಕೊಟ್ಟ ಸಂಗತಿ ಇದು: ಓದಿನಲ್ಲಿ ಹಿಂದುಳಿದ ದೊಡ್ಡ ಮಗುವಿನ ಕಣ್ಣು, ಅದೇ ಮಟ್ಟದಲ್ಲಿ ಓದುವ ಚಿಕ್ಕ ಮಗುವಿನ ಕಣ್ಣಿನಂತೆಯೇ ಚಲಿಸುತ್ತದೆ, ಓದಬಲ್ಲಷ್ಟು ಸುಲಭದ ಪಠ್ಯ ಕೊಟ್ಟರೆ ಚಲನೆಯೂ ಸುಧಾರಿಸುತ್ತದೆ. ಅಂದರೆ ಓದು ಕಷ್ಟವಾದ್ದರಿಂದ ಕಣ್ಣು ತಡಕಾಡುತ್ತದೆ. ಇಲಾಖೆಯ ಹಿರಿಯ ಅಧಿಕಾರಿಯೊಬ್ಬರನ್ನೇ, ಈಗಷ್ಟೇ ಮಲಯಾಳಂ ಲಿಪಿ ಕಲಿತವರನ್ನು, ಆ ಯಂತ್ರದ ಮುಂದೆ ಕೂರಿಸಿ ಮಲಯಾಳಂ ಪತ್ರಿಕೆ ಓದಿಸಿದರೆ ಅವರ ವರದಿಯಲ್ಲೂ ಕೆಂಪು ಗೆರೆಗಳ ಗೋಜಲೇ ಬರುತ್ತದೆ. ಅವರಿಗೆ ಯಾರೂ ಬಣ್ಣದ ಕನ್ನಡಕ ಬರೆದುಕೊಡುವುದಿಲ್ಲ. ಹಾಗಿದ್ದ ಮೇಲೆ ಕನ್ನಡದ ಒತ್ತಕ್ಷರವೇ ಇನ್ನೂ ಕೈಗೆ ಹತ್ತದ ಮಗುವಿಗೆ ಇಂಗ್ಲಿಷ್ ಪ್ಯಾರಾ ಕೊಟ್ಟು ಅಳೆದದ್ದಾದರೂ ಏನನ್ನು?

ಗಮನದ ತೊಂದರೆ ಇರುವ ಮಕ್ಕಳಲ್ಲಿ ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಂಚಲತೆ ಇವುಗಳಿಗೆ ವೈದ್ಯರು ಕೊಟ್ಟ ಹೆಸರು) ಇರುವವರ ಕಣ್ಣಿನ ಹಿಡಿತವನ್ನು ಪರೀಕ್ಷಿಸಿ ಪ್ರಕಟಿಸಿದರು. ಪರೀಕ್ಷೆ ಸರಳವಾದದ್ದು. ನಡುವಿನ ಚುಕ್ಕೆಯನ್ನು ನೋಡುತ್ತಿರಬೇಕು. ಪಕ್ಕದಲ್ಲಿ ಬೆಳಕು ಹೊತ್ತಿದಾಗ ಅದನ್ನು ನೋಡದೆ ಅದರ ವಿರುದ್ಧ ದಿಕ್ಕಿಗೆ ನೋಡಬೇಕು. ಎಡಿಎಚ್‌ಡಿ ಇರುವವರು ಬೆಳಕಿನ ಕಡೆಗೇ ನೋಡಿಬಿಡುವುದು ಹೆಚ್ಚು, ನಡುವಿನ ಚುಕ್ಕೆಯ ಮೇಲೆ ನೋಟ ನಿಲ್ಲಿಸಿಕೊಳ್ಳುವುದೂ ಅವರಿಗೆ ಕಷ್ಟ. ಕಣ್ಣಿನ ಸ್ನಾಯುಗಳು ಸರಿಯಾಗಿಯೇ ಇರುತ್ತವೆ. ಬೇಡದ ನೋಟವನ್ನು ತಡೆಹಿಡಿಯಬೇಕಾದ ಮೆದುಳಿನ ಹಿಡಿತ ಇನ್ನೂ ಬಲಿತಿರುವುದಿಲ್ಲ. ಬ್ರೇಕ್ ಸಡಿಲವಿರುವ ಸೈಕಲ್ಲಿಗೆ ಚಕ್ರ ಬದಲಾಯಿಸಿದರೆ ಪ್ರಯೋಜನವಿಲ್ಲ. ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸುವ ವ್ಯಾಯಾಮದ ಬಗ್ಗೆ ನನ್ನ ತಕರಾರು ಇಷ್ಟೇ.

ತರಗತಿಯಲ್ಲಿ ಇದು ಹೇಗೆ ಕಾಣುತ್ತದೆ ಎಂಬುದು ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ಬಿಸಿಯೂಟದ ಕೋಣೆಯಲ್ಲಿ ಕುಕ್ಕರ್ ಕೂಗಿದರೆ ಕಣ್ಣು ಅತ್ತ. ಕಾರಿಡಾರಿನಲ್ಲಿ ಯಾರೋ ಹೋದರೆ ಅತ್ತ. ಬೇರೆ ಮಕ್ಕಳೂ ನೋಡುತ್ತಾರೆ, ಆದರೆ ಅವರಿಗೆ ಬಿಟ್ಟ ಜಾಗ ನೆನಪಿರುತ್ತದೆ. ಇವನಿಗೆ ಜಾಗ ಹುಡುಕಿಕೊಳ್ಳುವುದೇ ಮತ್ತೊಂದು ಕೆಲಸ. ಹುಡುಕುವಷ್ಟರಲ್ಲಿ ವಾಕ್ಯದ ಅರ್ಧ ಅರ್ಥ ಮರೆತಿರುತ್ತದೆ. ಆಗ ಮುಂದಿನ ಸಾಲು ಅರ್ಥವಾಗುವುದಿಲ್ಲ, ಅರ್ಥವಾಗದ್ದರ ಮೇಲೆ ಗಮನ ಇನ್ನಷ್ಟು ನಿಲ್ಲುವುದಿಲ್ಲ. ಅಷ್ಟು ಹೊತ್ತಿಗೆ ಹಿಂದಿನ ಬೆಂಚಿನಿಂದ ಎಬ್ಬಿಸಿ ನಿಲ್ಲಿಸಿಯಾಗಿರುತ್ತದೆ. "ಕಣ್ಣೆಲ್ಲೋ ನಿಂದು?" ಎಂಬ ಪ್ರಶ್ನೆಯನ್ನು ನಾನು ಎಷ್ಟು ಶಾಲೆಗಳಲ್ಲಿ ಕೇಳಿದ್ದೇನೋ. ಪೀರಿಯಡ್ ಮುಗಿಯುವವರೆಗೂ ನಿಂತ ಮಕ್ಕಳನ್ನು ಕಂಡಿದ್ದೇನೆ, ಮೂರನೇ ತರಗತಿಯವರ ಜೊತೆ ಹೋಗಿ ಕೂತ್ಕೋ ಎಂದು ಕಳಿಸಲಾದ ಐದನೇ ತರಗತಿಯ ಹುಡುಗನನ್ನೂ ಕಂಡಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಿಕ್ಷಕರನ್ನು ದೂರುವುದು ನನಗೆ ಇಷ್ಟವಿಲ್ಲ. ಇಬ್ಬರೇ ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಶಾಲೆಗಳು ನಮ್ಮಲ್ಲಿವೆ. ಈ ಮಗು ಹೀಗೇಕೆ ಎಂದು ಅವರಿಗೆ ಹೇಳಿಕೊಟ್ಟವರು ಯಾರೂ ಇಲ್ಲ.

ಇನ್ನೊಂದು ಬಗೆಯ ಮಕ್ಕಳಿದ್ದಾರೆ, ಅವರನ್ನು ಯಾರೂ ನನ್ನ ಹತ್ತಿರ ಕರೆತರುವುದಿಲ್ಲ. ಹೆಚ್ಚಿನವರು ಹೆಣ್ಣುಮಕ್ಕಳು. ಸುಮ್ಮನೆ ಕೂತಿರುತ್ತಾರೆ, ಪುಸ್ತಕ ತೆರೆದಿರುತ್ತದೆ, ಕಣ್ಣೂ ಸಾಲಿನ ಮೇಲೇ ಸಾಗುತ್ತಿರುತ್ತದೆ, ಹಾಳೆ ಮಗುಚುತ್ತಾರೆ. ಏನು ಓದಿದೆ ಪುಟ್ಟಿ ಎಂದರೆ ಒಂದು ಮಾತೂ ಬರುವುದಿಲ್ಲ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮನಸ್ಸು ಬೇರೆಲ್ಲೋ ಇರುವಾಗ ವಯಸ್ಕ ಓದುಗರ ಕಣ್ಣು ಏನು ಮಾಡುತ್ತದೆ ಎಂದು ಅಳೆದರು. ಕಣ್ಣು ಓದುತ್ತಲೇ ಇರುತ್ತದೆ, ಆದರೆ ನಿಲುಗಡೆಗಳು ಉದ್ದವಾಗುತ್ತವೆ. ಅಪರೂಪದ ಪದಕ್ಕೆ ಹೆಚ್ಚು ಹೊತ್ತು, ಬಳಕೆಯ ಪದಕ್ಕೆ ಕಡಿಮೆ ಹೊತ್ತು ಎಂಬ ವ್ಯತ್ಯಾಸ ಮಸುಕಾಗುತ್ತದೆ. ಗಮನದ ತೊಂದರೆ ಇರುವ ಮಗುವಿಗೆ ಮನಸ್ಸು ಹೀಗೆ ಜಾರುವುದು ದಿನನಿತ್ಯದ ಪಾಡು. ಗಲಾಟೆ ಮಾಡುವ ಹುಡುಗ ಕಣ್ಣಿಗೆ ಬೀಳುತ್ತಾನೆ, ಬೈಗುಳವಾದರೂ ಅವನಿಗೆ ಸಿಗುತ್ತದೆ. ಈ ಹುಡುಗಿಯನ್ನು "ಒಳ್ಳೆ ಮಗು, ಸ್ವಲ್ಪ ದಡ್ಡಿ" ಎಂದು ಬರೆದು ಮುಂದಿನ ತರಗತಿಗೆ ಕಳಿಸುತ್ತಾರೆ. ತಪಾಸಣೆ ಎಂದರೆ ಗಲಾಟೆ ಮಾಡುವವರ ಪಟ್ಟಿ ಮಾಡುವುದು ಎಂದಾಗಬಾರದು ಎಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದು ಅವಳಿಗಾಗಿ.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಹತ್ತಿರದ ವಸ್ತುವನ್ನು ನೋಡುವಾಗ ಎರಡು ಕಣ್ಣುಗಳೂ ಒಳಕ್ಕೆ ಕೂಡಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಇದು ಸರಿಯಾಗಿ ಆಗುವುದಿಲ್ಲ. ಓದಲು ಕೂತರೆ ತಲೆನೋವು, ಅಕ್ಷರ ಎರಡಾಗುವುದು, ಸಾಲು ಓಡಾಡಿದಂತೆ ಕಾಣುವುದು. ಇದು ನಿಜವಾದ ತೊಂದರೆ. 2005ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಿಂದ ಬಂದ ಅಧ್ಯಯನವೊಂದು ಈ ತೊಂದರೆ ಇರುವವರಲ್ಲಿ ಎಡಿಎಚ್‌ಡಿ ಹೆಚ್ಚಾಗಿ ಕಂಡುಬರುತ್ತದೆ ಎಂದು ಹೇಳಿತು, ಎರಡರಲ್ಲಿ ಯಾವುದು ಯಾವುದಕ್ಕೆ ಕಾರಣ ಎಂದು ಅದು ಹೇಳಲಿಲ್ಲ. ನುರಿತವರ ಕೈಯಲ್ಲಿ ಮಾಡಿಸುವ ವ್ಯಾಯಾಮದಿಂದ ಕಣ್ಣು ಕೂಡಿಕೊಳ್ಳದ ಈ ತೊಂದರೆ ಕಡಿಮೆಯಾಗುತ್ತದೆ ಎಂಬುದು 2008ರ ದೊಡ್ಡ ಪ್ರಯೋಗದಲ್ಲಿ ಸಾಬೀತಾಗಿದೆ. ಹಾಗಾದರೆ ಓದು ಸುಧಾರಿಸುತ್ತದೆಯೇ? ಅದನ್ನೇ ನೋಡಲು ಅದೇ ತಂಡ 9ರಿಂದ 14 ವರ್ಷದ ಮುನ್ನೂರಕ್ಕೂ ಹೆಚ್ಚು ಮಕ್ಕಳ ಮೇಲೆ 16 ವಾರಗಳ ಪ್ರಯೋಗ ನಡೆಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ನಿಜವಾದ ವ್ಯಾಯಾಮ ಮಾಡಿದ ಮಕ್ಕಳಿಗೂ ತೋರಿಕೆಯ ವ್ಯಾಯಾಮ ಮಾಡಿದ ಮಕ್ಕಳಿಗೂ ಓದಿ ಅರ್ಥಮಾಡಿಕೊಳ್ಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು, 2009ರಲ್ಲಿ, ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಟನೆಗಳು ಜಂಟಿ ಹೇಳಿಕೆಯಲ್ಲಿ, ಕಲಿಕಾ ನ್ಯೂನತೆಗೆ ಕಣ್ಣಿನ ವ್ಯಾಯಾಮವಾಗಲಿ ಬಣ್ಣದ ಗಾಜಾಗಲಿ ಚಿಕಿತ್ಸೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ ಎಂದು ಸ್ಪಷ್ಟವಾಗಿ ಬರೆದಿವೆ. ಆದ್ದರಿಂದ ತಲೆನೋವಿರುವ ಮಗುವಿನ ಕಣ್ಣು ಪರೀಕ್ಷಿಸೋಣ, ಬೇಕಾದ ಚಿಕಿತ್ಸೆ ಕೊಡಿಸೋಣ. ಇದರಿಂದ ಮಾರ್ಕ್ಸ್ ಬರುತ್ತದೆ, ಏಕಾಗ್ರತೆ ಬರುತ್ತದೆ ಎಂದು ಹೇಳಿ ಹಣ ಕೀಳುವುದು ಮೋಸ. ಕಣ್ಣಿನ ಕೆಲಸದಲ್ಲೇ ಬದುಕು ಕಳೆದ ನಾನು ಇದನ್ನು ಹೇಳದೆ ಸುಮ್ಮನಿರಲಾರೆ.

ಇನ್ನು ನಮ್ಮ ಲಿಪಿಯ ಮಾತು. ಮೇಲಿನ ಅಳತೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಓದುಗರಿಂದ ಬಂದವು. ಕನ್ನಡ ಓದುವ ಕಣ್ಣಿನ ಕೆಲಸ ಬೇರೆಯೇ. ಒತ್ತು ಸಾಲಿನ ಕೆಳಗಿರುತ್ತದೆ, ಗುಡಿಸು ಮೇಲಿರುತ್ತದೆ, ಅರ್ಕಾವತ್ತನ್ನು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ವಿಭಕ್ತಿ ಪ್ರತ್ಯಯಗಳು ಸೇರಿ ಒಂದೊಂದು ಪದವೂ ಉದ್ದವಾಗಿರುತ್ತದೆ. ಬೆಂಗಳೂರಿನ ಮಕ್ಕಳ ಓದಿನ ಮೇಲೆ ಕೆಲಸ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಅಕ್ಷರ ಸಮೂಹ ಪೂರ್ತಿ ಕೈವಶವಾಗಲು ಇಂಗ್ಲಿಷ್ ವರ್ಣಮಾಲೆಗಿಂತ ಬಹಳ ಹೆಚ್ಚು ವರ್ಷ ಹಿಡಿಯುತ್ತದೆ ಎಂದು ತೋರಿಸಿತು. ಸರ್ಕಾರಿ ಶಾಲೆಗಳ ಆಟ-ಚಟುವಟಿಕೆಯ ಕಲಿಕಾ ಕ್ರಮವಾದ ನಮ್ಮ ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಪಾಠಗಳು ಉದ್ದವಾಗುತ್ತವೆ, ಪರಿಸರ ಅಧ್ಯಯನದಲ್ಲೂ ಗಣಿತದಲ್ಲೂ ಪ್ರಶ್ನೆಯನ್ನು ಓದಿಯೇ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಗಮನ ನಿಲ್ಲದ ಮಗುವಿಗೆ ಒತ್ತಕ್ಷರ ಕೈಹತ್ತಲು ಬೇರೆಯವರಿಗಿಂತ ಹೆಚ್ಚು ಸಲ ಓದಿಸಬೇಕು, ಆ ಅವಕಾಶ ನಿಂತುಹೋಗುವುದೂ ಅದೇ ಹೊತ್ತಿಗೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಶೇಕಡ 25ರಿಂದ 40ರಷ್ಟು ಮಂದಿಗೆ ಓದಿನ ನ್ಯೂನತೆಯೂ ಜೊತೆಗಿರುತ್ತದೆ ಎಂಬ ಅಂದಾಜಿದೆ. ಆ ಮಕ್ಕಳಿಗೆ ಎರಡು ಕಡೆಯಿಂದಲೂ ಪೆಟ್ಟು.

ಇದಕ್ಕೆಲ್ಲ ಹೊಸ ಕಾನೂನು ಬೇಕೆಂದು ನಾನು ಕೇಳುತ್ತಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಕಲಂ, ಮಾನ್ಯತೆ ಪಡೆದ ಶಾಲೆಗಳು ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ. 17ನೇ ಕಲಂ ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಬೇಕು ಎನ್ನುತ್ತದೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ಬರೆದುಕೊಡುವ ಸಹಾಯಕರ ಸೌಲಭ್ಯವನ್ನೂ ಹೇಳುತ್ತದೆ. 2018ರ ಕೇಂದ್ರ ಮಾರ್ಗಸೂಚಿ ಮೂರನೇ ತರಗತಿಯಲ್ಲಿ ಅಥವಾ ಎಂಟನೇ ವಯಸ್ಸಿನಲ್ಲಿ ಶಿಕ್ಷಕರೇ ಮೊದಲ ತಪಾಸಣೆ ಮಾಡಬೇಕೆಂದು ಹೇಳಿತು. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಇದೆ, ಎಡಿಎಚ್‌ಡಿಯೂ ಇದೆ. ಬ್ಲಾಕ್ ಮಟ್ಟದಲ್ಲಿ ವಿಶೇಷ ಅಗತ್ಯವಿರುವ ಮಕ್ಕಳಿಗೆ ನೆರವಾಗುವ ಬಿಐಇಆರ್‌ಟಿ ಶಿಕ್ಷಕರಿದ್ದಾರೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ಡಿಸ್ಲೆಕ್ಸಿಯಾ ಗುರುತಿಸಲು ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ 'ಡಾಲಿ' ಪರೀಕ್ಷೆ ಮೊದಲ ಹಂತದಲ್ಲೇ ಕನ್ನಡದಲ್ಲೂ ಬಂದಿದೆ. ಇಷ್ಟೆಲ್ಲ ಇದ್ದೂ ನಾನು ಹೋದ ಶಾಲೆಗಳಲ್ಲಿ ಮೂರನೇ ತರಗತಿಯ ಓದು ತಪಾಸಣೆಯ ಒಂದು ಹಾಳೆಯನ್ನೂ ಕಂಡಿಲ್ಲ. ಆರೋಗ್ಯ ತಂಡ ಬರುತ್ತದೆ, ತೂಕ, ಎತ್ತರ, ಹಲ್ಲು, ಕಣ್ಣು ನೋಡಿ ಹೋಗುತ್ತದೆ. ಈ ಖಾಲಿ ಜಾಗಕ್ಕೇ ಖಾಸಗಿ ಶಿಬಿರದವರು ಬಂದು ಕೂತಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಕೋರಿಕೆ: ಶಾಲೆಯ ಆವರಣದಲ್ಲಿ ಓದು, ಏಕಾಗ್ರತೆ, ಕಣ್ಣಿನ ಚಲನೆ ಎಂಬ ಹೆಸರಿನಲ್ಲಿ ಯಾವ ಖಾಸಗಿ ತಪಾಸಣೆಯೂ ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ಉಪನಿರ್ದೇಶಕರ ಲಿಖಿತ ಅನುಮತಿ ಇಲ್ಲದೆ ನಡೆಯಕೂಡದು ಎಂದು ಸುತ್ತೋಲೆ ಹೊರಡಿಸಿ. ತಪಾಸಣೆ ಮಾಡಿದವರೇ ಪರಿಹಾರ ಮಾರುವಂತಿಲ್ಲ ಎಂಬ ಒಂದು ಸಾಲು ಅದರಲ್ಲಿ ಇರಲೇಬೇಕು. ಮಗುವಿನ ಕಲಿಕೆಯ ಭಾಷೆಯಲ್ಲೇ ಪರೀಕ್ಷೆ ನಡೆಯಬೇಕು. ಈಗಾಗಲೇ ಸಂಗ್ರಹಿಸಿರುವ ಮಕ್ಕಳ ಹೆಸರು, ವಿಡಿಯೊ, ಕಣ್ಣಿನ ಚಲನೆಯ ದಾಖಲೆಗಳು ಎಲ್ಲಿವೆ ಎಂದು ಇಲಾಖೆ ಕೇಳಬೇಕು. ಮಕ್ಕಳ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆ ತಾಯಿ ಹೆಬ್ಬೆಟ್ಟು ಒತ್ತಿದ್ದ ಕಾಗದವೂ ಇಂಗ್ಲಿಷಿನಲ್ಲೇ ಇತ್ತು.

ಎರಡನೆಯದು ಮೂರನೇ ತರಗತಿಯ ತಪಾಸಣೆ. ಶಿಕ್ಷಕರಿಗೆ ಮತ್ತೊಂದು ಆ್ಯಪ್ ಕೊಡಬೇಡಿ. ಅಪ್‌ಲೋಡ್ ಮಾಡುವುದರಲ್ಲೇ ಅವರ ಅರ್ಧ ದಿನ ಹೋಗುತ್ತಿದೆ. ಒಂದು ಹಾಳೆ ಸಾಕು. ಮಗು ಗಟ್ಟಿಯಾಗಿ ಓದುವಾಗ ಸಾಲು ಬಿಡುತ್ತದೆಯೇ, ಒತ್ತಕ್ಷರದಲ್ಲಿ ತಡೆಯುತ್ತದೆಯೇ, ಓದಿ ಹೇಳಿದರೆ ಅರ್ಥವಾಗಿ ತಾನೇ ಓದಿದರೆ ಅರ್ಥವಾಗುವುದಿಲ್ಲವೇ, ಮೌನವಾಗಿ ಓದಿದ ಮೇಲೆ ಏನಾದರೂ ಹೇಳುತ್ತದೆಯೇ, ಮನೆಯಲ್ಲೂ ಹೀಗೆಯೇ ಇದೆಯೇ. ಕೊನೆಯ ಪ್ರಶ್ನೆ ಮುಖ್ಯ, ಏಕೆಂದರೆ ಶಾಲೆಯೊಂದರಲ್ಲೇ ಕಾಣುವ ಚಂಚಲತೆಯನ್ನು ಎಡಿಎಚ್‌ಡಿ ಎನ್ನಲಾಗದು. ಬೆದರಿಕೆ, ಹಸಿವು, ನಿದ್ದೆಗೇಡು, ಕಿವಿ ಮಂದವಾಗಿರುವುದು ಕೂಡ ಹಾಗೇ ಕಾಣಬಹುದು. ಆ ಹಾಳೆ ಶಿಕ್ಷಕರಿಂದ ಬಿಐಇಆರ್‌ಟಿಗೆ, ಅಲ್ಲಿಂದ ಬಾಲ ಸ್ವಾಸ್ಥ್ಯ ತಂಡಕ್ಕೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ಹೋಗಬೇಕು, ಮತ್ತೆ ಶಾಲೆಗೆ ವಾಪಸು ಬರಬೇಕು. ಈಗ ಹೋದದ್ದು ಹೋಗಿಯೇಬಿಡುತ್ತದೆ, ಏನಾಯಿತು ಎಂದು ಶಿಕ್ಷಕರಿಗೆ ಯಾರೂ ತಿಳಿಸುವುದಿಲ್ಲ. ಔಷಧಿ ಬೇಕೋ ಬೇಡವೋ ಎಂಬುದನ್ನು ತಜ್ಞ ವೈದ್ಯರು ಪೋಷಕರ ಜೊತೆ ಕೂತು ತೀರ್ಮಾನಿಸಲಿ. ಶಾಲೆ ಆ ಬಗ್ಗೆ ಒತ್ತಾಯವನ್ನೂ ಮಾಡಬಾರದು, ಹೆದರಿಸಲೂಬಾರದು.

ತರಗತಿಯೊಳಗೆ ನಾಳೆಯಿಂದಲೇ ಮಾಡಬಹುದಾದ ಕೆಲಸಗಳಿಗೆ ಖರ್ಚೇ ಇಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಓದಲು ಬಿಡಿ. "ದೊಡ್ಡವನಾದೆ, ಬೆರಳು ತೆಗಿ" ಎಂದು ನಾಲ್ಕನೇ ತರಗತಿಯಲ್ಲಿ ಬೈಯುವುದನ್ನು ಕಂಡಿದ್ದೇನೆ. ಕಣ್ಣು ಬಾಗಿಲಿಗೆ ಹೋದರೂ ಬೆರಳು ಜಾಗ ಕಾದುಕೊಂಡಿರುತ್ತದೆ. ಹಳೆಯ ಕ್ಯಾಲೆಂಡರಿನ ರಟ್ಟನ್ನು ಪಟ್ಟಿಯಾಗಿ ಕತ್ತರಿಸಿ, ಓದುತ್ತಿರುವ ಸಾಲಿನ ಕೆಳಗಿನದೆಲ್ಲ ಮುಚ್ಚುವಂತೆ ಇಟ್ಟುಕೊಳ್ಳಲು ಕೊಡಿ. ಪಾಠವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಪ್ರಶ್ನೆಯನ್ನು ಓದುವ ಮೊದಲೇ ಕೇಳಿ. ಜೊತೆಗೊಂದು ಮಗುವನ್ನು ಕೂರಿಸಿ ಸರದಿಯಲ್ಲಿ ಗಟ್ಟಿಯಾಗಿ ಓದಿಸಿ. ಬಾಗಿಲು, ಕಿಟಕಿಯಿಂದ ದೂರ, ಶಿಕ್ಷಕರ ಹತ್ತಿರ ಕೂರಿಸಿ. ಶಿಕ್ಷೆ ಎನ್ನಿಸದ ಹಾಗೆ. ಒತ್ತಕ್ಷರದ ಅಭ್ಯಾಸವನ್ನು ನಾಲ್ಕು, ಐದನೇ ತರಗತಿಯಲ್ಲೂ ದಿನಕ್ಕೆ ಹತ್ತು ನಿಮಿಷ ಮುಂದುವರಿಸಿ. ಇವನ್ನೆಲ್ಲ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಒಂದು ಮಧ್ಯಾಹ್ನ ಹೇಳಿಕೊಡಬಹುದು.

ಪಠ್ಯಪುಸ್ತಕ ಸಂಘಕ್ಕೂ ಒಂದು ಮಾತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲುವಷ್ಟು ಒತ್ತಾಗಿ ಅಚ್ಚುಮಾಡಿದ ಪುಟಗಳನ್ನು ಅಭ್ಯಾಸ ಪುಸ್ತಕಗಳಲ್ಲಿ ನೋಡಿದ್ದೇನೆ. ಒಂದು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಆರಂಭಕ್ಕೆ ಕಣ್ಣು ಹಾರುವಾಗ ಇಂಥ ಪುಟದಲ್ಲಿ ದಾರಿ ತಪ್ಪುವುದು ಸಹಜ. ಇಟಲಿ ಮತ್ತು ಫ್ರಾನ್ಸಿನ ಡಿಸ್ಲೆಕ್ಸಿಯಾ ಇರುವ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದಷ್ಟಕ್ಕೇ, ಬೇರಾವ ತರಬೇತಿಯೂ ಇಲ್ಲದೆ, ಓದಿನ ತಪ್ಪುಗಳು ಕಡಿಮೆಯಾಗಿ ವೇಗ ಹೆಚ್ಚಿತು. ಕನ್ನಡದಲ್ಲಿ ಇಂಥ ಪ್ರಯೋಗವನ್ನು ನಮ್ಮ ಸಂಸ್ಥೆಗಳೇ ನಡೆಸಬೇಕು. ಕಣ್ಣಿನ ಚಲನೆ ಅಳೆಯುವ ಯಂತ್ರದ ನಿಜವಾದ ಉಪಯೋಗ ಅಲ್ಲಿದೆ: ಯಾವ ಅಕ್ಷರದ ಮೇಲೆ ನಮ್ಮ ಮಕ್ಕಳ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೆ, ಎಷ್ಟು ಅಂತರ ಬಿಟ್ಟರೆ ಸಾಲು ತಪ್ಪುವುದಿಲ್ಲ ಎಂದು ತಿಳಿದುಕೊಳ್ಳಲು ಸರ್ಕಾರ ಹಣ ಕೊಡಲಿ. ಅದರ ಫಲ ಪುಸ್ತಕದಲ್ಲಿ ಕಾಣಲಿ.

ಪರೀಕ್ಷೆಯ ವಿಷಯದಲ್ಲಿ, ಹೆಚ್ಚುವರಿ ಸಮಯದ ಮಾತು ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗ ಮಾತ್ರ ಕೇಳಿ ಬರುತ್ತದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಗಮನದ ತೊಂದರೆ ಮಾತ್ರ ಇರುವ ಮಗುವಿನ ತಂದೆತಾಯಿ ಪ್ರಮಾಣಪತ್ರಕ್ಕೆ ಅಲೆದು ಬರಿಗೈಯಲ್ಲಿ ಬರುತ್ತಾರೆ. ಪಟ್ಟಿ ತಿದ್ದುವುದು ಕೇಂದ್ರದ ಕೆಲಸ ಇರಬಹುದು. ಆದರೆ ನಾಲ್ಕರಿಂದ ಒಂಬತ್ತನೇ ತರಗತಿವರೆಗಿನ ಶಾಲಾ ಮಟ್ಟದ ಪರೀಕ್ಷೆಗಳಲ್ಲಿ ಪ್ರಶ್ನೆಯನ್ನು ಓದಿ ಹೇಳುವುದಕ್ಕೆ, ಅರ್ಧ ಗಂಟೆ ಹೆಚ್ಚು ಕೊಡುವುದಕ್ಕೆ ಪ್ರಮಾಣಪತ್ರ ಏಕೆ ಬೇಕು? ಮುಖ್ಯ ಶಿಕ್ಷಕರಿಗೆ ಆ ಅಧಿಕಾರ ಕೊಟ್ಟು ಆದೇಶ ಮಾಡಿ.

ಪೋಷಕರೇ, ಎಸ್‌ಡಿಎಂಸಿ ಸದಸ್ಯರೇ, ನಿಮ್ಮಲ್ಲೂ ವಿನಂತಿ. ಶಾಲೆಯಲ್ಲಿ ಯಾರಾದರೂ ಕಣ್ಣಿನ ವರದಿ ಕೊಟ್ಟರೆ ದುಡ್ಡು ಕಟ್ಟುವ ಮೊದಲು ಸರ್ಕಾರಿ ಆಸ್ಪತ್ರೆಯ ನೇತ್ರ ವಿಭಾಗಕ್ಕೆ ಒಮ್ಮೆ ತೋರಿಸಿ, ಅಲ್ಲಿ ಪರೀಕ್ಷೆಗೆ ಹಣ ಕೇಳುವುದಿಲ್ಲ. ದೃಷ್ಟಿ ಸರಿಯಿದ್ದೂ ಮಗು ಓದಲಾಗದೆ ಒದ್ದಾಡುತ್ತಿದ್ದರೆ ಡಿಇಐಸಿಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ದಿನಾ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಓದಿಸಿ. ನಿಮಗೆ ಓದಲು ಬಾರದಿದ್ದರೂ ಕೂರಬಹುದು: ಮಗು ಓದಲಿ, ಒಂದು ಪ್ಯಾರಾ ಆದ ಮೇಲೆ ಏನಂತೆ ಎಂದು ಕೇಳಿ.

ಸಚಿವರೇ, ಈ ವರ್ಷದ ಮೂರನೇ ತರಗತಿಯ ಮಕ್ಕಳು ಈಗಾಗಲೇ ಶಾಲೆಯಲ್ಲಿ ಕೂತಿದ್ದಾರೆ. ಶಿಬಿರಗಳ ಬಗೆಗಿನ ಸುತ್ತೋಲೆ ದಸರಾ ರಜೆಗೆ ಮುನ್ನ, ತಪಾಸಣೆಯ ಹಾಳೆ ಇದೇ ಶೈಕ್ಷಣಿಕ ವರ್ಷದೊಳಗೆ ಶಾಲೆಗಳಿಗೆ ತಲುಪಬೇಕು ಎಂಬುದು ನನ್ನ ಬೇಡಿಕೆ. ಆ ಹಾಳೆಯನ್ನು ಸಿದ್ಧಪಡಿಸುವವರಿಗೆ, ನಮ್ಮ ತಾಲ್ಲೂಕಿನ ಕ್ಲಸ್ಟರ್ ಸಭೆಗಳಲ್ಲಿ ಶಿಕ್ಷಕರಿಗೆ ತೋರಿಸಿಕೊಡುವವರಿಗೆ ನನ್ನಿಂದ ಆಗುವ ಸಹಾಯವನ್ನು ಯಾವ ಸಂಭಾವನೆಯೂ ಇಲ್ಲದೆ ಮಾಡಲು ಸಿದ್ಧನಿದ್ದೇನೆ. ಪೋಷಕರು ನನಗೆ ತೋರಿಸಿದ ವರದಿಗಳ ಪ್ರತಿಗಳನ್ನು, ಮಕ್ಕಳ ಹೆಸರು ಅಳಿಸಿ, ಅವರ ಒಪ್ಪಿಗೆ ಪಡೆದು, ತಾವು ಸೂಚಿಸುವ ಅಧಿಕಾರಿಯ ಕೈಗೆ ಕೊಡುತ್ತೇನೆ. ತಮ್ಮ ಕಚೇರಿಯಿಂದ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಗೌರವಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನೇತ್ರಾಧಿಕಾರಿ,
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ